ತಾತನ ಮೇಜು ಇಟ್ಟುಕೊಳ್ಳೋದಾ, ಹೊಸದು ಮಾಡಿಸೋದಾ? ಹಳೇ ಮರದ ಸಾಮಾನು ಆರಿಸುವವರಿಗೆ

ಹಳೇ ಮೇಜು ನೋಡಲು ಹೋದಾಗ ನಾನು ಮೇಲಿನ ಹಲಗೆ ನೋಡುವುದು ಕೊನೆಗೆ. ಮೊದಲು ಡ್ರಾಯರ್ ಪೂರ್ತಿ ಹೊರಗೆಳೆದು ತಲೆಕೆಳಗು ಮಾಡುತ್ತೇನೆ. ಅಲ್ಲಿ ಪಾಲಿಶ್ ಇರುವುದಿಲ್ಲ. ಯಾರೂ ನೋಡುವುದಿಲ್ಲ ಅಂತ ಬಡಗಿ ಹಾಗೇ ಬಿಟ್ಟ ಜಾಗ ಅದು. ಬೆರಳಾಡಿಸಿದರೆ ಹತ್ತರಿ ಹೊಡೆದ ಸಣ್ಣ ಸಣ್ಣ ಅಲೆ ಕೈಗೆ ಸಿಗುತ್ತದೆ. ಮೂಲೆಯಲ್ಲಿ ಎರಡು ಹಲಗೆ ಸೇರುವ ಕಡೆ ಪಾರಿವಾಳದ ಬಾಲದ ಆಕಾರದ ಹಲ್ಲುಗಳಿರುತ್ತವೆ. ಬಡಗಿಗಳು ಅದನ್ನು ಡವ್‌ಟೇಲ್ ಅಂತಲೇ ಕರೆಯುತ್ತಾರೆ. ಕೈಯಿಂದ ಕತ್ತರಿಸಿದ್ದಾದರೆ ಒಂದು ಹಲ್ಲು ಸ್ವಲ್ಪ ಅಗಲ, ಇನ್ನೊಂದು ಕಿರಿದು. ಗುರುತು ಹಾಕಿಕೊಳ್ಳಲು ಬಡಗಿ ಎಳೆದ ಸಣ್ಣ ಗೀರು ಇನ್ನೂ ಅಲ್ಲೇ ಇರುತ್ತದೆ. ಎಲ್ಲ ಹಲ್ಲೂ ಅಚ್ಚು ಹೊಡೆದ ಹಾಗೆ ಒಂದೇ ಅಳತೆ ಇದ್ದರೆ ಮಷಿನ್ ಕೆಲಸ.

ಈ ಡ್ರಾಯರ್‌ನಿಂದಲೇ ಶುರು ಮಾಡಲು ಕಾರಣ ಇದೆ. ಬೆಂಗಳೂರಿನಲ್ಲಿ ಈಗ ಹಳೇ ಮರದ ಸಾಮಾನಿಗೆ ಮತ್ತೆ ಬೇಡಿಕೆ ಬಂದಿದೆ. ಬೇಡಿಕೆ ಬಂದ ಕೂಡಲೇ 'ಆಂಟಿಕ್' ಅನ್ನುವ ಮಾತು ಎಲ್ಲದಕ್ಕೂ ಅಂಟಿಕೊಳ್ಳುತ್ತದೆ. ನಿಜವಾಗಿ ಹಳೆಯದು, ಹಳೇ ಮರದಲ್ಲಿ ಹೊಸದಾಗಿ ಮಾಡಿದ್ದು, ಹೊಸ ಮರಕ್ಕೆ ಹಳೇ ಬಣ್ಣ ಬಳಿದದ್ದು, ಮೂರೂ ಒಂದೇ ಅಂಗಡಿಯಲ್ಲಿ ಅಕ್ಕಪಕ್ಕ ನಿಂತಿರುತ್ತವೆ. ಮೂರರಲ್ಲಿ ಯಾವುದನ್ನೂ ಕೊಳ್ಳಬಾರದು ಅಂತ ನಾನು ಹೇಳುವುದಿಲ್ಲ. ಯಾವುದಕ್ಕೆ ದುಡ್ಡು ಕೊಡುತ್ತಿದ್ದೀವಿ ಅಂತ ಗೊತ್ತಿರಬೇಕು, ಅಷ್ಟೇ.

ನನ್ನ ಅಳತೆಗೋಲು ಒಂದೇ. ಈ ಸಾಮಾನು ಮುರಿದರೆ ಬಿಚ್ಚಿ ಮತ್ತೆ ಕೂಡಿಸಬಹುದಾ? ವಯಸ್ಸು, ಕೆತ್ತನೆ, ಫ್ಯಾಷನ್ ಎಲ್ಲ ಆಮೇಲೆ.

ಬೇಕು, ಬೇಡ, ಮತ್ತೆ ಬೇಕು

ಬೆಂಗಳೂರಿನ ಕಂಟೋನ್ಮೆಂಟ್, ಅಂದರೆ ಬ್ರಿಟಿಷರ ಸೇನಾ ನೆಲೆ, ಶುರುವಾದದ್ದು 1809ರಲ್ಲಿ. ಅಲ್ಲಿನ ಬಂಗಲೆಗಳಿಗೆ ಬ್ರಿಟಿಷರು ತಮ್ಮೂರಿನ ಮಾದರಿಯ ಸಾಮಾನನ್ನು ಇಲ್ಲಿನ ಬಡಗಿಗಳಿಂದ ಇಲ್ಲಿನ ಮರದಲ್ಲೇ ಮಾಡಿಸಿಕೊಂಡರು. ಓಕ್, ಮಹಾಗನಿ ಜಾಗಕ್ಕೆ ತೇಗ, ಬೀಟೆ (ರೋಸ್‌ವುಡ್) ಬಂತು. ಮೆತ್ತೆಯ ಜಾಗಕ್ಕೆ ಬೆತ್ತದ ಹೆಣಿಗೆ ಬಂತು. ಬೆವರಿಗೆ, ಸೆಕೆಗೆ ಅದೇ ಸರಿ. ಕಾಲು ಚಾಚಲು ಉದ್ದ ಕೈ ಇರುವ ಆರಾಮ ಕುರ್ಚಿ ಹಾಗೆ ಬಂದದ್ದು. ಅದು ಕಾಫಿ ತೋಟದ ಬಂಗಲೆಗೂ ಹೋಯಿತು, ನಮ್ಮ ವಕೀಲರ, ಡಾಕ್ಟರರ ಮನೆಯ ಜಗುಲಿಗೂ ಬಂತು.

1898ರಲ್ಲಿ ಊರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟು ಬಿಟ್ಟು ಜನ ಬಸವನಗುಡಿ, ಮಲ್ಲೇಶ್ವರದ ಹೊಸ ಬಡಾವಣೆಗಳಿಗೆ ಬಂದರು. ಗಾಳಿ ಬೆಳಕಿನ ದೊಡ್ಡ ಮನೆಗಳು. ಅಲ್ಲಿಗೆ ಕನ್ನಡಿ ಕೂರಿಸಿದ ಬೀರು, ನಾಲ್ಕು ಕಂಬದ ಮಂಚ, ತೂಗುಮಣೆ, ದುಂಡು ಮೇಜು ಬಂದವು. ಇವತ್ತು ನಮಗೆ ಅಂಗಡಿಯಲ್ಲಿ ಸಿಗುವ ಹಳೇ ಸಾಮಾನಿನಲ್ಲಿ ಎಷ್ಟೋ ಇಂಥ ಮನೆಗಳಿಂದ ಹೊರಬಿದ್ದದ್ದೇ.

ಆಮೇಲೆ ಬೇಡವಾಯಿತು. ಗೋದ್ರೆಜ್ ಕಂಪನಿ 1923ರಲ್ಲೇ ಸ್ಟೀಲ್ ಬೀರು ಮಾಡಲು ಶುರು ಮಾಡಿತ್ತು. ನಾನು ಚಿಕ್ಕವನಿದ್ದಾಗ ಮಧ್ಯಮ ವರ್ಗದ ಮನೆಯಲ್ಲಿ ಅದೇ ಗೌರವದ ವಸ್ತು. ಗೆದ್ದಲು ಹಿಡಿಯುವುದಿಲ್ಲ, ಬೀಗ ಗಟ್ಟಿ. ಮದುವೆಗೆ ಸ್ಟೀಲ್ ಬೀರು ಕೊಟ್ಟರೆ ದೊಡ್ಡ ಮಾತು. ಜೊತೆಗೆ ಸನ್ಮೈಕಾ ಹಚ್ಚಿದ ಟೇಬಲ್, ಫೋಮ್ ಸೋಫಾ, ಮಡಚುವ ಕುರ್ಚಿ. ಮರದ್ದು ಹಳ್ಳಿ ಮನೆಯದ್ದು ಅನ್ನಿಸಿಕೊಂಡಿತು. ಅಟ್ಟಕ್ಕೆ ಹೋಯಿತು, ಕಾರ್ ಶೆಡ್ಡಿಗೆ ಹೋಯಿತು, ಕೊನೆಗೆ ಹಳೇ ಸಾಮಾನಿನವರ ಗಾಡಿಗೆ ಹೋಯಿತು. ಮನೆ ಒಡೆದು ಅಪಾರ್ಟ್‌ಮೆಂಟ್ ಎದ್ದಾಗ ಉಳಿದದ್ದೂ ಹೋಯಿತು.

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. ಇಂಗ್ಲೆಂಡ್, ಅಮೆರಿಕದಲ್ಲಿ ಕಂದು ಮರದ ಭಾರೀ ಸಾಮಾನಿನ ಬೆಲೆ 2000ದ ನಂತರ ಚೆನ್ನಾಗಿ ಬಿತ್ತು. ಮಕ್ಕಳು ಚಿಕ್ಕ ಮನೆಗೆ ಹೋದರು, ಅಪ್ಪ ಅಮ್ಮನ ಊಟದ ಮೇಜು ಅವರಿಗೆ ಬೇಡವಾಯಿತು. ಅದೇ ಹೊತ್ತಿಗೆ 1950ರ ಆಸುಪಾಸಿನ ಸಪೂರ ಕಾಲಿನ, ಕೆತ್ತನೆ ಇಲ್ಲದ ಸಾಮಾನು ಮೇಲೆ ಬಂತು. ಅದಕ್ಕೆ ನಮ್ಮ ದೇಶದಲ್ಲೇ ದೊಡ್ಡ ಉದಾಹರಣೆ ಇದೆ. ಚಂಡೀಗಢದ ಸರ್ಕಾರಿ ಕಚೇರಿಗಳಿಗಾಗಿ ವಾಸ್ತುಶಿಲ್ಪಿ ಪಿಯರ್ ಜೆನರೆ 1950ರ ದಶಕದಲ್ಲಿ ರೂಪಿಸಿದ ತೇಗ ಮತ್ತು ಬೆತ್ತದ ಕುರ್ಚಿಗಳು. ಹಳೆಯದಾದವು ಅಂತ ಕಚೇರಿಗಳು ಅವನ್ನು ಗುಜರಿಗೆ ಹಾಕಿದವು. ಅವೇ ಕುರ್ಚಿಗಳು ಹೊರದೇಶದ ಹರಾಜಿನಲ್ಲಿ ಲಕ್ಷಗಟ್ಟಲೆ ಬೆಲೆಗೆ ಹೋದವು. 2011ರಲ್ಲಿ ಕೇಂದ್ರ ಗೃಹ ಸಚಿವಾಲಯ ಅವುಗಳ ಮಾರಾಟ, ಸಾಗಾಟಕ್ಕೆ ತಡೆ ಹಾಕಬೇಕಾಯಿತು. ಅದೇ ಮರ, ಅದೇ ಬೆತ್ತ. ನೋಡುವ ಕಣ್ಣು ಮಾತ್ರ ಬದಲಾದದ್ದು.

ಅದಕ್ಕೇ ಯಾರಾದರೂ "ಇದನ್ನು ಕೊಂಡರೆ ಮುಂದೆ ಬೆಲೆ ಏರುತ್ತೆ" ಅಂದರೆ ಆ ಮಾತನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಏರಬಹುದು, ಇಳಿಯಬಹುದು. ದಿನಾ ಬಳಸುವ ಸಾಮಾನನ್ನು ಬಳಸಲಿಕ್ಕೆಂದೇ ಕೊಳ್ಳಿ.

ಮನೆಯಲ್ಲೇ ಇರುವುದು

ಅಂಗಡಿಗೆ ಹೋಗುವ ಮುಂಚೆ ಊರಿನ ಮನೆಯ ಅಟ್ಟ ನೋಡಿ ಬನ್ನಿ. ಅಜ್ಜಿ ಮನೆಯಲ್ಲಿ, ದೊಡ್ಡಪ್ಪನ ಗೋಡೌನಿನಲ್ಲಿ ಒಂದು ಮೇಜೋ, ಗಲ್ಲಾಪೆಟ್ಟಿಗೆಯೋ, ಕಾಲು ಮುರಿದ ಕುರ್ಚಿಯೋ ಬಿದ್ದಿರುತ್ತದೆ. ಹೊಸದರ ಬೆಲೆಗೆ ಹೋಲಿಸಿದರೆ ಅದನ್ನು ಸರಿ ಮಾಡಿಸುವುದು ಬಹಳ ಸಲ ಅಗ್ಗ. ಬೆತ್ತ ಹರಿದಿದ್ದರೆ ಹೆಣೆಸಬಹುದು. ಕೀಲು ಸಡಿಲವಾಗಿದ್ದರೆ ಬಿಚ್ಚಿ ಕೂಡಿಸಬಹುದು. ಆ ಕಾಲದ ಅಂಟು ಪ್ರಾಣಿಗಳ ಚರ್ಮ, ಮೂಳೆ ಬೇಯಿಸಿ ಮಾಡಿದ್ದು. ಬಿಸಿ, ತೇವ ತಾಗಿಸಿದರೆ ಅದು ಸಡಿಲುತ್ತದೆ. ಜೊತೆಗೆ ಗೂಡು ಕೊರೆದು ಕೀಲು ಕೂರಿಸಿ, ಅಡ್ಡಕ್ಕೆ ಬಿದಿರಿನ ಮೊಳೆ ಹೊಡೆದಿರುತ್ತಾರೆ. ಮೊಳೆ ತಟ್ಟಿ ಹೊರಗೆ ತೆಗೆದರೆ ಇಡೀ ಕುರ್ಚಿ ಬಿಡಿಬಿಡಿ ಆಗುತ್ತದೆ.

ಇಲ್ಲಿ ನಮ್ಮ ಮನೆಯ ಒಂದು ನೋವಿನ ವಿಷಯ ಹೇಳಲೇಬೇಕು. ನಮ್ಮ ತಾತ ಚಿಕ್ಕಪೇಟೆಯಲ್ಲಿ ಬಟ್ಟೆ ಅಂಗಡಿಯೊಂದರ ಲೆಕ್ಕ ಬರೆಯುತ್ತಿದ್ದರು. ಮನೆಯಲ್ಲಿ ಅವರದ್ದೊಂದು ಬೀಟೆ ಮೇಜಿತ್ತು. ಬಲಗೈ ಇಡುವ ಕಡೆ ಹಲಗೆಯ ಅಂಚು ಒಂದು ಗೇಣಿನಷ್ಟು ಸವೆದು ನುಣ್ಣಗಾಗಿತ್ತು. ಶಾಯಿ ಬಾಟಲಿ ಇಡುತ್ತಿದ್ದ ಜಾಗದಲ್ಲಿ ನೀಲಿ ಉಂಗುರ. ನಾನು ಅದನ್ನು 'ಹೊಸದರ ಹಾಗೆ' ಮಾಡಿಸಲು ಒಂದು ಪಾಲಿಶ್ ಅಂಗಡಿಗೆ ಕೊಟ್ಟೆ. ಅವರು ಮೇಲೆಲ್ಲ ಮಷಿನ್ ಹಿಡಿದು ಉಜ್ಜಿದರು. ವಾಪಸ್ ಬಂದಾಗ ಗಾಜಿನ ಹಾಗೆ ಹೊಳೆಯುತ್ತಿತ್ತು. ಉಂಗುರ ಇಲ್ಲ. ಸವೆದ ಅಂಚನ್ನು ಚೂಪಾಗಿ ನೇರ ಮಾಡಿದ್ದರು. ಅಮ್ಮ ಅದರ ಮೇಲೆ ಕೈಯಿಟ್ಟು ಸುಮ್ಮನೆ ನಿಂತರು. "ಇದು ಅಪ್ಪನ ಮೇಜೇನಾ?" ಅಂದರು. ನನಗೆ ಉತ್ತರ ಕೊಡಲಾಗಲಿಲ್ಲ. ಉಜ್ಜಿ ತೆಗೆದದ್ದನ್ನು ಮತ್ತೆ ಹಾಕಲು ಬರುವುದಿಲ್ಲ.

ಹಾಗಾಗಿ ಇಷ್ಟು ಕಲಿತಿದ್ದೇನೆ. ಹಳೇ ಸಾಮಾನನ್ನು ಪಾಲಿಶ್‌ಗೆ ಕೊಡುವ ಮುಂಚೆ ಅದು ಯಾವ ಪಾಲಿಶ್ ಅಂತ ತಿಳಿದುಕೊಳ್ಳಿ. ಹಿಂದಿನವರು ಹಾಕುತ್ತಿದ್ದದ್ದು ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಬಟ್ಟೆಯುಂಡೆಯಿಂದ ಪದರ ಪದರವಾಗಿ ಉಜ್ಜುವ ಫ್ರೆಂಚ್ ಪಾಲಿಶ್. ಕಣ್ಣಿಗೆ ಬೀಳದ ಜಾಗದಲ್ಲಿ ಸ್ಪಿರಿಟ್ ಅದ್ದಿದ ಹತ್ತಿ ಒತ್ತಿ ನೋಡಿ. ಅಂಟಂಟಾಗಿ ಕಂದು ಬಣ್ಣ ಹತ್ತಿಗೆ ಬಂದರೆ ಅರಗಿನ ಪಾಲಿಶ್. ಅದರ ದೊಡ್ಡ ಗುಣ ಏನೆಂದರೆ, ಹಳೇ ಪದರದ ಮೇಲೇ ಹೊಸ ಪದರ ಕೂರುತ್ತದೆ. ಪೂರ್ತಿ ಉಜ್ಜಿ ತೆಗೆಯುವ ಅಗತ್ಯ ಬಹಳ ಸಲ ಇಲ್ಲವೇ ಇಲ್ಲ. ಒರೆಸಿ, ಕೊಳೆ ತೆಗೆದು, ಎರಡು ಕೈ ಪಾಲಿಶ್ ಹಾಕಿ, ಮೇಲೆ ಜೇನುಮೇಣ ತಿಕ್ಕಿದರೆ ಸಾಕು. ಅದರ ತೊಂದರೆಯೂ ಗೊತ್ತಿರಲಿ. ಬಿಸಿ ಕಾಫಿ ಲೋಟ ಇಟ್ಟರೆ ಬೆಳ್ಳಗೆ ಉಂಗುರ ಬೀಳುತ್ತದೆ. ಸ್ಯಾನಿಟೈಸರ್ ಹನಿ ಬಿದ್ದರೆ ಪಾಲಿಶ್ ಎದ್ದುಬರುತ್ತದೆ. ಕೊರೊನಾ ಕಾಲದಲ್ಲಿ ಎಷ್ಟೋ ಮನೆಯ ಹಳೇ ಟೀಪಾಯಿಗಳು ಹಾಗೇ ಹಾಳಾದವು.

ಈಗಿನ ಪಿಯು (ಪಾಲಿಯುರೆಥೇನ್) ಕೋಟಿಂಗ್ ನೀರಿಗೆ, ಬಿಸಿಗೆ ತಡೆಯುತ್ತದೆ. ದಿನಾ ಮಕ್ಕಳು ಊಟ ಮಾಡುವ ಮೇಜಿಗೆ ಅದೇ ಒಳ್ಳೆಯದು. ಆದರೆ ಗೀರು ಬಿದ್ದರೆ ಅಲ್ಲಷ್ಟೇ ಸರಿ ಮಾಡುವುದು ಕಷ್ಟ. ತಾತನ ಮೇಜಿಗೆ ಅರಗು, ಊಟದ ಮೇಜಿಗೆ ಪಿಯು. ಇದು ನನ್ನ ಲೆಕ್ಕ.

ಅಂಗಡಿಯ ಹಳೆಯದು

ಶಿವಾಜಿನಗರದ ಹಳೇ ಫರ್ನಿಚರ್ ಅಂಗಡಿಗಳಲ್ಲಿ, ಚಿಕ್ಕಪೇಟೆ ಕಡೆಯ ಭಾನುವಾರದ ಸಂತೆಯಲ್ಲಿ, ಊರಿನ ಅಲ್ಲಲ್ಲಿ ಇರುವ ಆಂಟಿಕ್ ಅಂಗಡಿಗಳಲ್ಲಿ ಹುಡುಕಬಹುದು. ಸರಕು ಬೆಂಗಳೂರಿನದ್ದೇ ಆಗಿರಬೇಕು ಅಂತಿಲ್ಲ. ಕಾರೈಕುಡಿಯ ಚೆಟ್ಟಿಯಾರರ ಮನೆಗಳಿಂದ ಬರ್ಮಾ ತೇಗದ ಕಂಬ, ಬಾಗಿಲು ಬರುತ್ತವೆ. ಕೇರಳದಿಂದ ಹಲಸಿನ ಪೆಟ್ಟಿಗೆಗಳು, ಗೋವಾದಿಂದ ಬೆತ್ತದ ಸೋಫಾಗಳು ಬರುತ್ತವೆ. ಕರಾವಳಿಯಿಂದ ಬಂದದ್ದನ್ನು ಕೊಂಡರೆ ಒಂದು ವಿಷಯ ನೆನಪಿಡಿ. ಅಲ್ಲಿ ವರ್ಷವಿಡೀ ಗಾಳಿಯಲ್ಲಿ ತೇವ. ನಮ್ಮಲ್ಲಿ ಫೆಬ್ರವರಿ, ಮಾರ್ಚ್ ಬಂದರೆ ತುಟಿ ಒಡೆಯುವಷ್ಟು ಒಣಹವೆ. ಮರವೂ ಕುಗ್ಗುತ್ತದೆ. ಅಗಲ ಹಲಗೆಯಲ್ಲಿ ಟಪ್ ಅಂತ ಸೀಳು ಬರಬಹುದು. ಮೊದಲ ಬೇಸಿಗೆ ಕಳೆಯುವವರೆಗೆ ಕಿಟಕಿಯ ಬಿಸಿಲಿಗೆ, ಎಸಿ ಗಾಳಿಗೆ ನೇರ ಇಡಬೇಡಿ.

ಇನ್ನು ಹಳೆಯದೋ ಅಲ್ಲವೋ ಅಂತ ನೋಡುವುದು ಹೇಗೆ? ಡ್ರಾಯರ್ ಮಾತು ಆಗಲೇ ಹೇಳಿದೆ. ನನಗೆ ತುಂಬ ಇಷ್ಟವಾದ ಪರೀಕ್ಷೆ ದುಂಡು ಮೇಜಿನದ್ದು. ಟೇಪು ಹಿಡಿದು ಮರದ ಗೆರೆಯ ಉದ್ದಕ್ಕೆ ಒಮ್ಮೆ ಅಳೆಯಿರಿ, ಗೆರೆಗೆ ಅಡ್ಡಲಾಗಿ ಒಮ್ಮೆ ಅಳೆಯಿರಿ. ಮರ ಉದ್ದಕ್ಕೆ ಹೆಚ್ಚುಕಮ್ಮಿ ಕುಗ್ಗುವುದೇ ಇಲ್ಲ, ಅಡ್ಡಕ್ಕೆ ಕುಗ್ಗುತ್ತದೆ. ಎಷ್ಟೋ ಬೇಸಿಗೆ ಕಂಡ ಮೇಜು ಪೂರ್ತಿ ದುಂಡಗೆ ಉಳಿದಿರುವುದಿಲ್ಲ, ಅಡ್ಡಕ್ಕೆ ಸ್ವಲ್ಪ ಕಮ್ಮಿ ಬರುತ್ತದೆ. ಇದನ್ನು ಬಣ್ಣ ಬಳಿದು ತೋರಿಸಲು ಆಗುವುದಿಲ್ಲ.

ಸ್ಕ್ರೂ ನೋಡಿ. ತಲೆಯಲ್ಲಿ ಕೂಡಿಸುವ ಚಿಹ್ನೆಯ ಹಾಗಿರುವ ಸ್ಕ್ರೂ ಬಂದದ್ದೇ 1930ರ ದಶಕದಲ್ಲಿ. '150 ವರ್ಷದ್ದು ಸಾರ್' ಅನ್ನುವ ಬೀರುವಿನ ತುಂಬ ಅದೇ ಇದ್ದರೆ ಕೇಳಬೇಕಾಗುತ್ತದೆ. ರಿಪೇರಿಗೆ ಹಾಕಿದ್ದೂ ಇರಬಹುದು. ಹಾಗಿದ್ದರೆ ಕೀಲುಪಟ್ಟಿಯ ಪಕ್ಕ ಹಳೇ ಸ್ಕ್ರೂವಿನ ಖಾಲಿ ತೂತು, ಹಳೇ ಪಟ್ಟಿಯ ನೆರಳು ಇರುತ್ತದೆ. ಸವೆತವೂ ಬಳಕೆಗೆ ತಕ್ಕಂತೆ ಇರಬೇಕು. ಕುರ್ಚಿಯ ಕೈಯ ತುದಿ, ಕಾಲಿಡುವ ಅಡ್ಡಪಟ್ಟಿ, ಡ್ರಾಯರ್ ಜಾರುವ ಹಳಿ ಸವೆದಿರಬೇಕು. ಯಾರ ಕೈಯೂ ಹೋಗದ ಹಿಂಬದಿಯಲ್ಲಿ ಸವೆತ ಕಂಡರೆ ಉಜ್ಜುಕಾಗದದ ಕೆಲಸ ಅಂತ ಅರ್ಥ.

ಹುಳುವಿನ ವಿಷಯ. ಸಣ್ಣ ತೂತು ಕಂಡ ತಕ್ಷಣ ಹೆದರಬೇಡಿ. ಹುಳು ಯಾವತ್ತೋ ಹೋಗಿ ತೂತು ಮಾತ್ರ ಉಳಿದಿರಬಹುದು. ಕೆಳಗೆ ಕಪ್ಪು ಕಾಗದ ಹಾಸಿ ಒಂದು ವಾರ ಬಿಡಿ. ಹಿಟ್ಟಿನ ಹಾಗೆ ಪುಡಿ ಬಿದ್ದಿದ್ದರೆ ಕುಟ್ಟೆ ಇನ್ನೂ ಬದುಕಿದೆ. ಅಂಥದ್ದನ್ನು ಔಷಧಿ ಹಾಕಿಸದೆ ಮನೆಯೊಳಗೆ ತರಬೇಡಿ, ಪಕ್ಕದ ಸಾಮಾನಿಗೂ ಹರಡುತ್ತದೆ. ಗೆದ್ದಲು ತಿಂದಿದ್ದರೆ ಕಾಲಿನ ಬುಡ ತಟ್ಟಿ ನೋಡಿದಾಗ ಟೊಳ್ಳು ಸದ್ದು ಬರುತ್ತದೆ.

ಕಾನೂನಿನ ಎರಡು ಮಾತು. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ 100 ವರ್ಷ ದಾಟಿದ ಕಲಾ ವಸ್ತುಗಳನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವ ಹಾಗಿಲ್ಲ. ಬೀಟೆ ಜಾತಿಯ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 2017ರ ಜನವರಿಯಿಂದ ಪರವಾನಗಿಯ ನಿಯಮ ಇದೆ. ಮಗಳು ಅಮೆರಿಕದಲ್ಲಿದ್ದಾಳೆ, ಬೀಟೆ ಮೇಜು ಅಲ್ಲಿಗೆ ಕಳಿಸೋಣ ಅನ್ನುವವರು ಮೊದಲೇ ವಿಚಾರಿಸಿ. ಮೈಸೂರಿನ ಹಳೇ ಕುಂದಣದ ಕೆಲಸದಲ್ಲಿ ಬೀಟೆಯೊಳಗೆ ಆನೆದಂತ ಕೂರಿಸುತ್ತಿದ್ದರು. ಆನೆದಂತದ ವ್ಯಾಪಾರ ಈಗ ಅಪರಾಧ. ಈಗಿನ ಕೆಲಸದಲ್ಲಿ ಆ ಬಿಳುಪಿಗೆ ಪ್ಲಾಸ್ಟಿಕ್ ಬಳಸುತ್ತಾರೆ. 'ನಿಜವಾದ ದಂತ' ಅಂತ ಹೇಳಿ ಯಾರಾದರೂ ಮಾರಲು ಬಂದರೆ ಅಲ್ಲಿಂದ ಎದ್ದು ಬನ್ನಿ.

ಯಾವ ಮರ?

ಬೀಟೆ ಮತ್ತು ತೇಗದ ನಡುವೆ ಆರಿಸುವ ಪ್ರಸಂಗ ಬಂದರೆ ನಾನು ಬಳಕೆ ನೋಡುತ್ತೇನೆ. ಬೀಟೆ ಭಾರ. ಚಿಕ್ಕ ಸ್ಟೂಲನ್ನು ಒಂದೇ ಕೈಯಲ್ಲಿ ಎತ್ತಿದರೂ ಗೊತ್ತಾಗುತ್ತದೆ. ನೇರಳೆ ಛಾಯೆಯ ಕಂದು, ನಡುವೆ ಕಪ್ಪು ಗೆರೆ. ವಯಸ್ಸಾದಂತೆ ನೇರಳೆ ಕರಗಿ ಗಾಢ ಕಂದಾಗುತ್ತದೆ. ಹೊಸದಾಗಿ ಕೊಯ್ದಾಗ ಸಿಹಿ ವಾಸನೆ. ಕೆತ್ತನೆಯ ಅಂಚು ಅದರಲ್ಲಿ ನಿಲ್ಲುವಷ್ಟು ಚೂಪಾಗಿ ತೇಗದಲ್ಲಿ ನಿಲ್ಲುವುದಿಲ್ಲ. ಒಂದೇ ಕಡೆ ಇರುವ ಬರೆಯುವ ಮೇಜು, ಬೀರು, ದೇವರ ಮಂಟಪಕ್ಕೆ ಬೀಟೆ ಸೊಗಸು.

ತೇಗ ಹಗುರ, ಒಳಗೆ ಎಣ್ಣೆಯ ಅಂಶ ಇದೆ. ಹಸಿ ಹಲಗೆ ಮುಟ್ಟಿದರೆ ಮೇಣದ ಹಾಗೆ ನುಣುಪು, ಹದ ಮಾಡಿದ ಚರ್ಮದಂಥ ವಾಸನೆ. ಬಿಸಿಲು, ಮಳೆ ಬದಲಾದರೂ ಸೊಟ್ಟಗಾಗುವುದು ಕಮ್ಮಿ. ಅದು ಎಷ್ಟು ಕಾಲ ಬಾಳುತ್ತದೆ ಅಂತ ಕಣ್ಣಾರೆ ನೋಡಬೇಕಾದರೆ ಕೆ.ಆರ್. ಮಾರ್ಕೆಟ್ ಹತ್ತಿರದ ಟಿಪ್ಪು ಬೇಸಿಗೆ ಅರಮನೆಗೆ ಹೋಗಿ. 1791ರಲ್ಲಿ ಮುಗಿದ ಕಟ್ಟಡ. ಆ ತೇಗದ ಕಂಬಗಳು, ಕಮಾನುಗಳು ಇವತ್ತಿಗೂ ನಿಂತಿವೆ. ಅಂಗಡಿಗೆ ಹೋಗುವ ಮುಂಚೆ ಒಂದು ಗಂಟೆ ಅಲ್ಲಿ ಕಳೆದರೆ ನಿಜವಾದ ಹಳೇ ತೇಗದ ಬಣ್ಣ ಕಣ್ಣಲ್ಲಿ ಕೂರುತ್ತದೆ.

ಹಳೇ ತೇಗಕ್ಕೂ ಈಗಿನ ತೋಟದ ತೇಗಕ್ಕೂ ವ್ಯತ್ಯಾಸ ಇದೆ. ಕಾಡಿನಲ್ಲಿ ನಿಧಾನವಾಗಿ ಬೆಳೆದ ಮರದ ತುದಿಯನ್ನು ನೋಡಿದರೆ ಉಂಗುರಗಳು ಒತ್ತೊತ್ತಾಗಿರುತ್ತವೆ, ಚೇಗು, ಅಂದರೆ ನಡುವಿನ ಗಾಢ ಬಣ್ಣದ ಗಟ್ಟಿ ಭಾಗ, ಜಾಸ್ತಿ. ಬೇಗ ಕಡಿದ ಎಳೆಯ ತೇಗದಲ್ಲಿ ಉಂಗುರ ದೂರ ದೂರ, ಸುತ್ತ ಬಿಳಿ ಭಾಗ ಜಾಸ್ತಿ. ಗೆದ್ದಲಿಗೆ ತಡೆಯುವುದು ಚೇಗು ಮಾತ್ರ, ಬಿಳಿ ಭಾಗ ಅಲ್ಲ. 'ತೇಗ' ಅಂತ ಬಿಲ್ಲಿನಲ್ಲಿ ಬರೆದಿದ್ದರೂ ಅರ್ಧ ಬಿಳಿ ಇದ್ದರೆ ಅದು ಅರ್ಧವೇ ತೇಗ.

ಹಲಸು ನನಗೆ ಹತ್ತಿರದ ಮರ. ಹೊಸದರಲ್ಲಿ ಅರಿಶಿನದ ಹಳದಿ, ವರ್ಷ ಕಳೆದಂತೆ ಜೇನಿನ ಬಣ್ಣ. ಫ್ಯಾಷನ್‌ನವರು ಇದನ್ನು ಅಷ್ಟಾಗಿ ಕೇಳುವುದಿಲ್ಲ, ಅದಕ್ಕೇ ತೇಗಕ್ಕಿಂತ ಕಮ್ಮಿಗೆ ಸಿಗುತ್ತದೆ. ಪೆಟ್ಟಿಗೆ, ಬೆಂಚು ಸಿಕ್ಕರೆ ಬಿಡಬೇಡಿ. ಹೊನ್ನೆ, ಮತ್ತಿ ಗಟ್ಟಿ ಮರಗಳು, ಹಳೇ ಬಾಗಿಲು ತೊಲೆಗಳಲ್ಲಿ ಸಿಗುತ್ತವೆ.

ಒಂದು ಎಚ್ಚರಿಕೆ. ಶೀಶಂ ಸಾಮಾನನ್ನು 'ಇಂಡಿಯನ್ ರೋಸ್‌ವುಡ್' ಅಂತ ಮಾರುತ್ತಾರೆ. ಅದು ಬೀಟೆಯ ದಾಯಾದಿ, ಉತ್ತರ ಭಾರತದ ಮರ. ಕೆಟ್ಟ ಮರವಲ್ಲ, ಗಟ್ಟಿಯೇ. ಆದರೆ ಬೀಟೆ ಅಲ್ಲ, ಬೀಟೆಯ ಬೆಲೆ ಕೊಡಬಾರದು. 'ಟೀಕ್ ಫಿನಿಶ್' ಅಂದರೆ ತೇಗದ ಬಣ್ಣ ಅಂತ ಮಾತ್ರ ಅರ್ಥ. ಅನುಮಾನ ಬಂದರೆ ಅಡಿಭಾಗದಲ್ಲಿ ಉಗುರಿನಷ್ಟು ಜಾಗ ಕೆರೆದು ನೋಡಲು ಕೇಳಿ. ಬಣ್ಣ ಮೇಲಷ್ಟೇ ಇದೆಯೋ ಒಳಗೂ ಇದೆಯೋ ತಿಳಿಯುತ್ತದೆ. ಕೆರೆಯಲು ಬಿಡದ ಅಂಗಡಿಯಲ್ಲಿ ನಾನು ಕೊಳ್ಳುವುದಿಲ್ಲ.

ಹಳೇ ಮರ, ಹೊಸ ಕೆಲಸ

ನಿಜ ಹೇಳಬೇಕೆಂದರೆ ಬೆಂಗಳೂರಿನ ಬಹಳಷ್ಟು ಜನರಿಗೆ ನಾನು ಹೇಳುವುದು ಇದನ್ನೇ. ಒಡೆದ ಮನೆಗಳ ತೊಲೆ, ಬಾಗಿಲು, ಜಂತೆಗಳನ್ನು ಘನ ಅಡಿ ಲೆಕ್ಕದಲ್ಲಿ ಮಾರುವವರಿದ್ದಾರೆ. ಆ ಮರ ಹತ್ತಾರು ವರ್ಷ ಒಣಗಿ ಹದವಾಗಿದೆ. ಹಸಿ ಮರದಷ್ಟು ಅದು ಇನ್ನು ಕುಗ್ಗುವುದಿಲ್ಲ. ಅದರಿಂದ ನಿಮ್ಮ ಮನೆಯ ಅಳತೆಗೆ ಮಾಡಿಸಿಕೊಳ್ಳಬಹುದು.

ಅಳತೆ ಯಾಕೆ ಮುಖ್ಯ ಅಂದರೆ, ಹಳೇ ಮಂಚಗಳಲ್ಲಿ ಎಷ್ಟೋ ನಾಲ್ಕು ಅಡಿ ಅಗಲ ಇರುತ್ತವೆ. ಈಗಿನ ಹಾಸಿಗೆ ಐದು ಅಥವಾ ಆರು ಅಡಿ. ನಾಲ್ಕು ಕಂಬದ ಮಂಚ ತಂದು ಫ್ಯಾನಿಗೆ ಕಂಬ ತಗಲುತ್ತದೆ ಅಂತ ಕತ್ತರಿಸಿದವರನ್ನು ನೋಡಿದ್ದೇನೆ. ಕರುಳು ಚುರಕ್ ಅಂದಿತು. ಆ ಮಂಚ ಎತ್ತರದ ಸೂರಿನ ಮನೆಗೆ ಮಾಡಿದ್ದು. ಅಪಾರ್ಟ್‌ಮೆಂಟಿಗೆ ಬೇಕಾದರೆ ಹಳೇ ತೊಲೆಯಿಂದ ತಗ್ಗು ಮಂಚ ಮಾಡಿಸಿ, ಆ ಹಳೇ ಮಂಚವನ್ನು ಅದಕ್ಕೆ ಹೊಂದುವ ಮನೆಗೆ ಬಿಡಿ.

ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್ ಕಡೆ ಹೊಸ ಮರ ವಿಚಾರಿಸುವಾಗ ಹಳೇ ಮರದ ಬೆಲೆಯನ್ನೂ ಕೇಳಿ, ಪಕ್ಕಪಕ್ಕ ಇಟ್ಟು ನೋಡಿ. ಹಳೇ ಮರದಲ್ಲಿ ಮೊಳೆಯ ತೂತು, ಬಿರುಕು, ಪೋಲು ಜಾಸ್ತಿ. ಕೊಯ್ದ ಮೇಲೆ ಕೈಗೆ ಎಷ್ಟು ಸಿಗುತ್ತದೆ ಅಂತ ಬಡಗಿಯ ಹತ್ತಿರ ಮೊದಲೇ ಮಾತಾಡಿ. ಒಳಗೆ ಮುರಿದ ಮೊಳೆ ಇದ್ದರೆ ಗರಗಸದ ಹಲ್ಲು ಹೋಗುತ್ತದೆ ಅಂತ ಕೆಲವರು ಒಪ್ಪುವುದೇ ಇಲ್ಲ. ಒಪ್ಪುವವರು ಸಿಕ್ಕರೆ ಕೂಲಿ ಸ್ವಲ್ಪ ಜಾಸ್ತಿ ಕೊಟ್ಟರೂ ನಷ್ಟವಿಲ್ಲ. "ಮೊಳೆ ಬೇಡ ಆಚಾರ್ರೇ, ಕೀಲು ಹಾಕಿ ಕೂಡಿಸಿ" ಅಂತ ಶುರುವಿನಲ್ಲೇ ಹೇಳಿಬಿಡಿ. ನಾನು ಹಾಗೆ ಹೇಳಿದಾಗ ನಮ್ಮ ಬಡಗಿ, ಅರವತ್ತು ದಾಟಿದವರು, ಕೆಲಸ ನಿಲ್ಲಿಸಿ ನನ್ನ ಮುಖ ನೋಡಿದರು. "ಇದನ್ನ ಕೇಳಿ ಎಷ್ಟು ವರ್ಷ ಆಯ್ತು ಸ್ವಾಮಿ" ಅಂದರು. ಆ ಬೆಂಚು ಮಾಡಲು ಅವರು ಎರಡು ದಿನ ಹೆಚ್ಚು ತೆಗೆದುಕೊಂಡರು. ಇವತ್ತಿಗೂ ಕಿರ್ ಅನ್ನುವುದಿಲ್ಲ.

ರೆಡಿಮೇಡ್

ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. 2022ರಲ್ಲಿ ನಾಗಸಂದ್ರದಲ್ಲಿ ಐಕಿಯಾ ಬಂದ ಮೇಲೆ ಬಿಡಿಭಾಗ ತಂದು ಮನೆಯಲ್ಲೇ ಜೋಡಿಸುವ ಸಾಮಾನು ಎಲ್ಲರಿಗೂ ಗೊತ್ತಾಗಿದೆ. ಬಾಡಿಗೆ ಮನೆ, ಎರಡು ವರ್ಷಕ್ಕೊಮ್ಮೆ ಊರು ಬದಲು, ಚಿಕ್ಕ ಮಗು ಇದೆ ಅಂದರೆ ಅದೇ ಸರಿ. ಒತ್ತಿದ ಹಲಗೆಗೆ ನೀರು ತಾಗಿದರೆ ಉಬ್ಬುತ್ತದೆ, ಸ್ಕ್ರೂ ಒಮ್ಮೆ ಕಿತ್ತುಬಂದರೆ ಅದೇ ತೂತಿನಲ್ಲಿ ಮತ್ತೆ ಹಿಡಿಯುವುದಿಲ್ಲ. ಅದೊಂದು ಕೊರತೆ. ಬಿಚ್ಚಿ ಜೋಡಿಸುವ ಯೋಚನೆ ಮಾತ್ರ ಹೊಸದಲ್ಲ. ಮೈಕೆಲ್ ಥೋನೆಟ್ ಅನ್ನುವವರು 1859ರಲ್ಲಿ ತಂದ 14ನೇ ನಂಬರಿನ ಕುರ್ಚಿ ಆರು ಮರದ ತುಂಡು, ಹತ್ತು ಸ್ಕ್ರೂ, ಎರಡು ನಟ್ಟಿನಲ್ಲಿ ಮುಗಿಯುತ್ತಿತ್ತು. ಹಬೆಯಲ್ಲಿ ಬಾಗಿಸಿದ ಗಟ್ಟಿ ಮರ ಆದ್ದರಿಂದ ಅವು ಇವತ್ತಿಗೂ ರಿಪೇರಿ ಆಗುತ್ತವೆ.

ಕೊಳ್ಳುವ ದಿನ

ಟೇಪು, ಟಾರ್ಚು, ಸ್ವಲ್ಪ ಹತ್ತಿ ಜೇಬಿನಲ್ಲಿರಲಿ. ಮನೆಯಿಂದ ಹೊರಡುವ ಮುಂಚೆ ಲಿಫ್ಟಿನ ಬಾಗಿಲು, ಒಳಗಿನ ಆಳ, ಮೆಟ್ಟಿಲು ತಿರುಗುವ ಕಡೆಯ ಅಗಲ, ಮುಂಬಾಗಿಲು ಅಳೆದು ಬರೆದುಕೊಳ್ಳಿ. ಹಳೇ ಬೀರುಗಳು ಹೊರಗಿನಿಂದ ಒಂದೇ ತುಂಡಿನ ಹಾಗೆ ಕಂಡರೂ ಎಷ್ಟೋ ಮೂರಾಗಿ ಬಿಚ್ಚುತ್ತವೆ. ಮೇಲಿನ ಕಿರೀಟ, ನಡುವಿನ ಮೈ, ಕೆಳಗಿನ ಪೀಠ. ಅಂಗಡಿಯವರನ್ನೇ ಬಿಚ್ಚಿ ತೋರಿಸಲು ಕೇಳಿ. ಬಿಚ್ಚಿದಾಗ ಒಳ ಅಂಚಿನಲ್ಲಿ ಬಡಗಿ ಸೀಸದಕಡ್ಡಿಯಲ್ಲಿ ಬರೆದ 1, 2, 3 ಸಿಗುವುದುಂಟು. ಯಾವ ತುಂಡು ಯಾವುದರ ಜೊತೆ ಅಂತ ಅವರು ಗುರುತಿಗೆ ಬರೆದದ್ದು. ನಮ್ಮ ಮನೆಗೆ ಬಂದ ಹಲಸಿನ ಬೀರುವಿನಲ್ಲಿ ಹಾಗೆ ಕನ್ನಡದ ೧, ೨, ೩ ಸಿಕ್ಕಿತು. ೨ರ ಬಾಲ ಉದ್ದಕ್ಕೆ ಎಳೆದಿತ್ತು. ಅದನ್ನು ಜೋಡಿಸಿ ನಿಲ್ಲಿಸಿ ಆರು ವರ್ಷ ಆಯಿತು. ಪಾಲಿಶ್‌ನವರು ಬಂದಾಗ ನಾನು ಮೊದಲು ಹೇಳಿದ ಮಾತು, "ಒಳಗಡೆ ಬಟ್ಟೆಯಲ್ಲಿ ಒರೆಸಿದರೆ ಸಾಕು, ಉಜ್ಜಬೇಡಿ."